ಸೂರ್ಯನ ಕಲೆ ನೋಡಿ, ಎಣಿಸಿ, ಬರೆದಿಡುವುದು ಹೇಗೆ?

‘ಸೂರ್ಯನ ಮೇಲಿನ ಕಪ್ಪು ಕಲೆ ನೋಡೋಕೆ ಯಾವ ಫಿಲ್ಟರ್ ತಗೋಬೇಕು?’ ‘ಮನೆಯಲ್ಲಿರೋ ಬೈನಾಕ್ಯುಲರ್ ಸಾಕಾ?’ ‘ನನಗೆ ಕಂಡಿದ್ದು ಕಲೆನಾ, ಇಲ್ಲಾ ಲೆನ್ಸಿನ ಧೂಳಾ?’ ಓದುಗರಿಂದ ಈ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಬಿಡಿಬಿಡಿಯಾಗಿ ಉತ್ತರ ಕೊಟ್ಟರೆ ಏನಾದರೊಂದು ಬಿಟ್ಟುಹೋಗುತ್ತದೆ. ಸೂರ್ಯನ ವಿಷಯದಲ್ಲಿ ಹಾಗೆ ಬಿಟ್ಟುಹೋದರೆ ಕಣ್ಣಿಗೇ ಅಪಾಯ. ಅದಕ್ಕೇ ಎಲ್ಲವನ್ನೂ ಮಾಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು ದಿನ ನೋಡಿ ಬಿಟ್ಟರೆ ನಿಮಗೆ ಸಿಗುವುದು ನಾಲ್ಕು ಕಪ್ಪು ಚುಕ್ಕೆ, ಅಷ್ಟೇ. ಸೂರ್ಯ ಬದಲಾಗುವುದು ಕಾಣಬೇಕಾದರೆ ದಿನಾ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಹೈನ್‌ರಿಷ್ ಶ್ವಾಬೆ ಎಂಬ ಜರ್ಮನಿಯ ಔಷಧ ವ್ಯಾಪಾರಿ 1826ರಿಂದ ಸಣ್ಣ ದೂರದರ್ಶಕ ಇಟ್ಟುಕೊಂಡು ಬಿಸಿಲಿದ್ದ ದಿನವೆಲ್ಲ ಸೂರ್ಯನನ್ನು ನೋಡುತ್ತಿದ್ದ. ಅವನು ಹುಡುಕುತ್ತಿದ್ದದ್ದು ಬುಧನಿಗಿಂತ ಒಳಗೆ ಸುತ್ತುವ ಒಂದು ಗ್ರಹವನ್ನು. ಅದು ಸಿಗಲೇ ಇಲ್ಲ. ಆದರೆ 17 ವರ್ಷದ ಕಲೆಗಳ ಲೆಕ್ಕ ಅವನ ಹತ್ತಿರ ಇತ್ತು. ಕಲೆಗಳು ಸುಮಾರು 10 ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ ಎಂದು 1843ರಲ್ಲಿ ಅವನು ಹೇಳಿದ್ದು ಆ ಲೆಕ್ಕ ನೋಡಿಯೇ. ಈಗ ನಾವು ಸೌರಚಕ್ರ ಅನ್ನುವುದು ಇದಕ್ಕೇ. ಸರಾಸರಿ ಅವಧಿ 11 ವರ್ಷ.

ಕಲೆ ಅಂದರೆ ಏನು?

ನಮಗೆ ಕಾಣುವ ಸೂರ್ಯನ ಮೇಲ್ಮೈಗೆ ಫೋಟೋಸ್ಫಿಯರ್ ಅಂತಾರೆ. ಅಲ್ಲಿನ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಒಳಗಿನ ಬಿಸಿ ಅನಿಲ ಕುದಿಯುವ ನೀರಿನ ಹಾಗೆ ಮೇಲೆದ್ದು, ತುಸು ತಣ್ಣಗಾಗಿ, ಮತ್ತೆ ಕೆಳಗಿಳಿಯುತ್ತಿರುತ್ತದೆ. ಕೆಲವು ಜಾಗದಲ್ಲಿ ಬಲವಾದ ಕಾಂತಕ್ಷೇತ್ರ ಈ ಓಡಾಟಕ್ಕೆ ಅಡ್ಡ ನಿಲ್ಲುತ್ತದೆ. ಕೆಳಗಿನ ಬಿಸಿ ಮೇಲೆ ಬರುವುದು ಕಡಿಮೆಯಾಗಿ ಆ ಜಾಗ ಒಂದೂವರೆ ಎರಡು ಸಾವಿರ ಡಿಗ್ರಿ ತಣ್ಣಗಾಗುತ್ತದೆ. ಅದೇ ಕಲೆ. ಅದು ನಿಜಕ್ಕೂ ಕಪ್ಪಗಿಲ್ಲ, ಸುತ್ತಲಿನ ಬೆಳಕು ಜಾಸ್ತಿ ಇರುವುದರಿಂದ ಹಾಗೆ ಕಾಣುತ್ತದೆ. ನಡುವಿನ ಕಪ್ಪು ಭಾಗದ ಹೆಸರು ಅಂಬ್ರಾ, ಅದರ ಸುತ್ತಲಿನ ಬೂದು ಅಂಚಿನ ಹೆಸರು ಪೆನಂಬ್ರಾ. ಕಲೆಗಳಲ್ಲಿ ಕಾಂತಕ್ಷೇತ್ರ ಇದೆ ಎಂದು ಜಾರ್ಜ್ ಎಲರಿ ಹೇಲ್ ತೋರಿಸಿದ್ದು 1908ರಲ್ಲಿ. ಮರುವರ್ಷವೇ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಪೆನಂಬ್ರಾದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು.

ಹಂತ 1: ಮೊದಲು ಕಣ್ಣು ಉಳಿಸಿಕೊಳ್ಳಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಕಣ್ಣಿನ ಹಿಂಭಾಗದ ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಅದು ಸುಡುತ್ತಿದ್ದರೂ ನಿಮಗೆ ಏನೂ ಅನ್ನಿಸುವುದಿಲ್ಲ. ದೃಷ್ಟಿಯ ನಡುವೆ ಮಸುಕು ಕಾಣಿಸಿಕೊಳ್ಳುವುದು ಕೆಲವು ಗಂಟೆ ಕಳೆದ ಮೇಲೆ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ‘ಒಂದೇ ಒಂದು ಸಲ ಸುಮ್ನೆ ನೋಡಿದೆ, ಏನೂ ಆಗ್ಲಿಲ್ಲ’ ಅನ್ನುವವರ ಮಾತು ನಂಬಬೇಡಿ.

ಎಕ್ಸ್‌ರೇ ಫಿಲಂ, ಹೊಗೆ ಹಿಡಿಸಿದ ಗಾಜು, ಸಿಡಿ, ಒಂದರ ಮೇಲೊಂದು ಹಾಕಿಕೊಂಡ ತಂಪು ಕನ್ನಡಕ, ಇವು ಯಾವುವೂ ಬೇಡ. ಕಣ್ಣಿಗೆ ಕತ್ತಲಾಗಿ ಕಂಡರೂ ಕಾಣದ ಅವಕೆಂಪು ಕಿರಣ ಇವುಗಳ ಮೂಲಕ ಒಳಗೆ ಹೋಗಬಹುದು. ಕತ್ತಲಾಗಿದೆ ಎಂದು ನಾವು ಇನ್ನಷ್ಟು ಹೊತ್ತು ನೋಡುತ್ತೇವೆ, ಅಪಾಯ ಅಲ್ಲೇ ಇರುವುದು.

ಇನ್ನೊಂದು ತಪ್ಪು ತುಂಬ ಜನ ಮಾಡುತ್ತಾರೆ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಅಥವಾ ದೂರದರ್ಶಕದಲ್ಲಿ ಇಣುಕುತ್ತಾರೆ. ಲೆನ್ಸು ಬೆಳಕನ್ನು ಒಟ್ಟುಮಾಡಿ ಕನ್ನಡಕದ ಒಂದೇ ಬಿಂದುವಿಗೆ ಬಿಡುತ್ತದೆ. ಕ್ಷಣದಲ್ಲಿ ಕನ್ನಡಕ ಸುಟ್ಟು ತೂತಾಗುತ್ತದೆ, ಅದರ ಹಿಂದೆ ನಿಮ್ಮ ಕಣ್ಣು ಇರುತ್ತದೆ. ಫಿಲ್ಟರ್ ಯಾವತ್ತೂ ಸೂರ್ಯನ ಕಡೆಗಿರುವ ದೊಡ್ಡ ಲೆನ್ಸಿನ ಮುಂದೆ ಇರಬೇಕು.

ಹಂತ 2: ನಿಮಗೆ ಹೊಂದುವ ದಾರಿ ಆರಿಸಿ

ಗ್ರಹಣದ ಕನ್ನಡಕ. ಐಎಸ್‌ಒ 12312-2 ಮಾನದಂಡದ್ದಾಗಿರಲಿ. ಗೀರು, ತೂತು ಇದ್ದರೆ ಎಸೆಯಿರಿ. ಬರೀ ಇದರಿಂದ ದೊಡ್ಡ ಕಲೆಗಳಷ್ಟೇ ಕಾಣುತ್ತವೆ. 2024ರ ಮೇ ತಿಂಗಳಲ್ಲಿ ಬಂದ 3664 ಸಂಖ್ಯೆಯ ಕಲೆಗುಂಪು ಭೂಮಿಯ ಅಗಲದ ಸುಮಾರು 15 ಪಟ್ಟು ಉದ್ದ ಇತ್ತು. ಅದು ಕನ್ನಡಕದಲ್ಲೇ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಥದ್ದು ದಿನಾ ಬರುವುದಿಲ್ಲ.

ಕಾಗದದ ಮೇಲೆ ಬಿಂಬ ಬೀಳಿಸುವುದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಬೈನಾಕ್ಯುಲರ್ ಅಥವಾ ಸಣ್ಣ ಲೆನ್ಸ್ ದೂರದರ್ಶಕವನ್ನು ಸೂರ್ಯನ ಕಡೆ ತಿರುಗಿಸಿ, ಐಪೀಸಿನ ಹಿಂದೆ ಬಿಳಿ ಕಾಗದ ಹಿಡಿದರೆ ಬಿಂಬ ಅದರ ಮೇಲೆ ಬೀಳುತ್ತದೆ. ಐಪೀಸ್ ಅಂದರೆ ನಾವು ಕಣ್ಣಿಡುವ ತುದಿಯ ಲೆನ್ಸು. ನಾಲ್ಕು ಜನ ಒಟ್ಟಿಗೆ ನೋಡಬಹುದು, ಪೆನ್ಸಿಲ್ ಹಿಡಿದು ಬಿಂಬದ ಮೇಲೇ ಗುರುತು ಹಾಕಬಹುದು. ಲೆಕ್ಕವೂ ಸುಲಭ: ಕಾಗದದ ದೂರವನ್ನು ದೂರದರ್ಶಕದ ವರ್ಧನೆಯಿಂದ ಗುಣಿಸಿ 107ರಿಂದ ಭಾಗಿಸಿದರೆ ಬಿಂಬದ ಅಗಲ ಹೆಚ್ಚುಕಡಿಮೆ ಸಿಗುತ್ತದೆ. 10 ಪಟ್ಟಿನ ಬೈನಾಕ್ಯುಲರ್‌ನಿಂದ 1 ಮೀಟರ್ ದೂರಕ್ಕೆ ಸುಮಾರು 9 ಸೆಂ.ಮೀ. ಬಿಂಬ. 40 ಪಟ್ಟಿನ ದೂರದರ್ಶಕದಿಂದ 40 ಸೆಂ.ಮೀ. ದೂರಕ್ಕೆ ಸುಮಾರು 15 ಸೆಂ.ಮೀ.

ಇದಕ್ಕೂ ಕೆಲವು ಎಚ್ಚರಿಕೆ ಬೇಕು. ಬೈನಾಕ್ಯುಲರ್‌ನ ಒಂದು ಕಡೆಯ ಲೆನ್ಸಿಗೆ ಮುಚ್ಚಳ ಹಾಕಿ. ದೂರದರ್ಶಕ 60 ಮಿ.ಮೀ.ಗಿಂತ ದೊಡ್ಡದಿದ್ದರೆ ಮುಂಭಾಗಕ್ಕೆ ರಟ್ಟು ಹಾಕಿ ನಡುವೆ 50 ಮಿ.ಮೀ. ತೂತು ಬಿಡಿ. ಕನ್ನಡಿ ಮತ್ತು ಲೆನ್ಸ್ ಎರಡೂ ಇರುವ ಗಿಡ್ಡ ಕೊಳವೆಯ ದೂರದರ್ಶಕದಲ್ಲಿ ಈ ವಿಧಾನ ಬೇಡವೇ ಬೇಡ, ಒಳಗಿನ ಭಾಗಗಳು ಬಿಸಿಗೆ ಹಾಳಾಗುತ್ತವೆ. ಐಪೀಸ್ ಕೂಡ ಬಿಸಿಯಾಗುತ್ತದೆ. ಪ್ಲಾಸ್ಟಿಕ್‌ನದ್ದು ಅಥವಾ ಅಂಟು ಹಾಕಿ ಜೋಡಿಸಿದ ಬೆಲೆಬಾಳುವ ಐಪೀಸ್ ಬಳಸಬೇಡಿ. ಒಂದೆರಡು ನಿಮಿಷಕ್ಕೊಮ್ಮೆ ಕೊಳವೆಯನ್ನು ಸೂರ್ಯನಿಂದ ಆಚೆ ತಿರುಗಿಸಿ ತಣಿಯಲು ಬಿಡಿ. ಮಕ್ಕಳಿದ್ದರೆ ಒಬ್ಬರು ದೂರದರ್ಶಕದ ಪಕ್ಕ ನಿಂತೇ ಇರಬೇಕು. ಕಾಗದ ನೋಡುವ ಬದಲು ಐಪೀಸಿಗೆ ಕಣ್ಣಿಡುವ ಆಸೆ ಮಕ್ಕಳಿಗೆ ಬರುವುದು ಸಹಜ.

ಮುಂದೆ ಹಾಕುವ ಫಿಲ್ಟರ್. ಸೂರ್ಯನನ್ನು ನೋಡಲೆಂದೇ ಮಾಡಿದ ಬೆಳ್ಳಿ ಬಣ್ಣದ ಹಾಳೆ ಅಥವಾ ಲೇಪನದ ಗಾಜು. ಕಣ್ಣಿಟ್ಟು ನೋಡುವುದಕ್ಕೆ ಸಾಂದ್ರತೆ 5.0 ಎಂದು ಬರೆದಿರುವುದೇ ಬೇಕು. ಅದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. 3.8 ಎಂದಿರುವ ಹಾಳೆ ಕ್ಯಾಮೆರಾಕ್ಕೆ ಮಾತ್ರ, ಕಣ್ಣಿಗೆ ಬೇಡ. ಹಾಳೆ ಎಳೆದು ಬಿಗಿ ಮಾಡಬೇಡಿ, ಸ್ವಲ್ಪ ಸುಕ್ಕಿದ್ದರೂ ಬಿಂಬ ಕೆಡುವುದಿಲ್ಲ. ಪ್ರತಿ ಸಲ ಬಳಸುವ ಮುಂಚೆ ಹಾಳೆಯನ್ನು ಬಲ್ಬಿನ ಮುಂದೆ ಹಿಡಿದು ಸೂಜಿಮೊನೆಯಷ್ಟು ತೂತೂ ಇಲ್ಲ ಎಂದು ನೋಡಿಕೊಳ್ಳಿ. ಗಾಳಿಗೆ ಹಾರದಂತೆ ಟೇಪ್ ಹಾಕಿ. ಹಳೆಯ ದೂರದರ್ಶಕಗಳ ಜತೆ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜೊಂದು ಬರುತ್ತದೆ, ಅದರ ಮೇಲೆ ಸೂರ್ಯ ಎಂದು ಬರೆದಿರುತ್ತದೆ. ಬಿಸಿಗೆ ಅದು ಸೀಳುತ್ತದೆ. ಯಾರೂ ಬಳಸದ ಹಾಗೆ ಎಸೆದುಬಿಡಿ.

ಹೈಡ್ರೋಜನ್-ಆಲ್ಫಾ ದೂರದರ್ಶಕ ಎಂಬ ಇನ್ನೊಂದು ಬಗೆ ಇದೆ. ಅದು 656.3 ನ್ಯಾನೋಮೀಟರಿನ ಒಂದೇ ಕೆಂಪು ಬಣ್ಣದಲ್ಲಿ ಸೂರ್ಯನನ್ನು ತೋರಿಸುತ್ತದೆ, ಅಂಚಿನಿಂದ ಏಳುವ ಅನಿಲದ ಕಮಾನುಗಳೂ ಕಾಣುತ್ತವೆ. ತುಂಬ ಚೆಂದ. ಆದರೆ ಕಲೆ ಎಣಿಸುವುದಕ್ಕೆ ಅದು ಬೇಕಿಲ್ಲ.

ಹಂತ 3: ಸೂರ್ಯನಿಗೆ ಗುರಿ ಹಿಡಿಯಿರಿ

ಮೊದಲು ಫೈಂಡರ್ ಬಿಚ್ಚಿಡಿ ಅಥವಾ ಮುಚ್ಚಿ. ಫೈಂಡರ್ ಅಂದರೆ ಕೊಳವೆಯ ಮೇಲೆ ಕೂರುವ ಪುಟ್ಟ ದೂರದರ್ಶಕ. ದೊಡ್ಡದಕ್ಕೆ ಫಿಲ್ಟರ್ ಹಾಕಿ ಇದನ್ನು ಮರೆತವರು ಎಷ್ಟೋ ಜನ.

ಕೊಳವೆಯ ಜತೆ ಕಣ್ಣು ಹೊಂದಿಸಿ ಸೂರ್ಯನನ್ನು ಹುಡುಕಬೇಡಿ. ನೆಲದ ಮೇಲೆ ಬಿದ್ದ ಕೊಳವೆಯ ನೆರಳು ನೋಡಿ. ವಾರೆಯಾಗಿದ್ದಾಗ ನೆರಳು ಉದ್ದ ಇರುತ್ತದೆ. ಮೆಲ್ಲಗೆ ಅಲುಗಾಡಿಸುತ್ತ ಬನ್ನಿ. ನೆರಳು ಕುಗ್ಗಿ ಕುಗ್ಗಿ ಕೊಳವೆಯ ಬಾಯಿಯಷ್ಟೇ ದುಂಡಗಾದಾಗ ಬೆಳಕು ಐಪೀಸಿನಿಂದ ಹೊರಗೆ ಬೀಳುತ್ತದೆ.

ಹಂತ 4: ಹೊತ್ತು ನೋಡಿಕೊಳ್ಳಿ

ಬೆಳಗ್ಗೆ ಸೂರ್ಯ ಸ್ವಲ್ಪ ಮೇಲೆ ಬಂದಿರಬೇಕು, ನೆಲ ಇನ್ನೂ ಕಾದಿರಬಾರದು. ಸೂರ್ಯ ಹುಟ್ಟಿದ ಒಂದೆರಡು ಗಂಟೆಯೊಳಗೆ ಇಂಥ ಹೊತ್ತು ಸಿಗುತ್ತದೆ. ನೆಲ ಕಾದ ಮೇಲೆ ಬಿಸಿಗಾಳಿ ಏಳುತ್ತದೆ, ಸೂರ್ಯನ ಅಂಚು ಹರಿಯುವ ನೀರಿನ ಕೆಳಗಿನ ಕಲ್ಲಿನ ಹಾಗೆ ನಡುಗುತ್ತದೆ. ಆಗ ಸಣ್ಣ ಕಲೆಗಳು ಮುಚ್ಚಿಹೋಗುತ್ತವೆ. ಕಾಂಕ್ರೀಟ್ ತಾರಸಿಗಿಂತ ಹುಲ್ಲಿನ ಮೇಲೆ ನಿಲ್ಲುವುದು ಮೇಲು.

ಹಂತ 5: ಈಗ ನೋಡಿ

ಪೂರ್ತಿ ಸೂರ್ಯ ಒಟ್ಟಿಗೆ ಕಾಣುವಷ್ಟು, ಅಂದರೆ 40ರಿಂದ 60 ಪಟ್ಟು ವರ್ಧನೆ ಸಾಕು. ಸೂರ್ಯನ ಅಂಚನ್ನು ಚೂಪಾಗಿ ಕಾಣುವಂತೆ ಫೋಕಸ್ ಮಾಡಿ, ಆಮೇಲೆ ಒಂದು ಕಲೆಯ ಮೇಲೆ ಇನ್ನಷ್ಟು ಸರಿಮಾಡಿ. ನಡುಭಾಗಕ್ಕಿಂತ ಅಂಚು ಮಂಕಾಗಿರುತ್ತದೆ. ಅದು ದೂರದರ್ಶಕದ ದೋಷ ಅಲ್ಲ. ಅಂಚಿನ ಕಡೆ ನಮಗೆ ಕಾಣುವುದು ಮೇಲಿನ, ತುಸು ತಣ್ಣನೆಯ ಪದರ. ಆ ಮಂಕಿನ ಮೇಲೆ ಬಿಳಿ ನರಗಳ ಹಾಗೆ ಕಾಣುವುದಕ್ಕೆ ಫ್ಯಾಕ್ಯುಲಾ ಅಂತಾರೆ. ಪೂರ್ವದ ಅಂಚಿನಲ್ಲಿ ಅವು ಕಂಡರೆ ಹಿಂದೆಯೇ ಕಲೆಗುಂಪೊಂದು ಬರುತ್ತಿರಬಹುದು.

ಕಲೆಯೋ ಧೂಳೋ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಐಪೀಸನ್ನು ಅದರ ಜಾಗದಲ್ಲೇ ಮೆಲ್ಲಗೆ ತಿರುಗಿಸಿ. ಚುಕ್ಕೆ ಜತೆಗೇ ತಿರುಗಿದರೆ ಅದು ಧೂಳು. ಕೊಳವೆಯನ್ನು ತುಸು ಸರಿಸಿದಾಗ ಸೂರ್ಯನ ಜತೆ ಸರಿದರೆ ಕಲೆ. ಕಾಗದದ ಮೇಲೆ ನೋಡುತ್ತಿದ್ದರೆ ಕಾಗದವನ್ನು ಎಡಬಲ ಅಲ್ಲಾಡಿಸಿ. ಕಾಗದದ ನಾರು, ಕೊಳೆ ಎಲ್ಲ ಓಡಾಡುತ್ತವೆ, ಕಲೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ನಿಂತ ಕಾಗದದಲ್ಲಿ ಕಾಣದಿದ್ದ ತೀರ ಮಸುಕು ಕಲೆಗಳೂ ಹೀಗೆ ಅಲ್ಲಾಡಿಸುವಾಗ ಎದ್ದು ಕಾಣುತ್ತವೆ. ಮಾಡಿ ನೋಡಿ, ಖುಷಿಯಾಗುತ್ತದೆ.

ಒಂದು ದುಂಡನೆಯ ದೊಡ್ಡ ಕಲೆ ಸಿಕ್ಕರೆ ಅದನ್ನು ಅಂಚು ಸೇರುವವರೆಗೂ ಬಿಡದೆ ನೋಡಿ. ಅಂಚಿನ ಹತ್ತಿರ ಹೋದಾಗ ಒಳಬದಿಯ ಪೆನಂಬ್ರಾ ಸಣಕಲಾಗಿ, ಅಂಚಿನ ಕಡೆಯದು ಅಗಲವಾಗಿ ಕಾಣುತ್ತದೆ. ತಟ್ಟೆಯನ್ನು ವಾರೆ ಮಾಡಿ ನೋಡಿದ ಹಾಗೆ, ಕಲೆ ತುಸು ಗುಂಡಿ ಬಿದ್ದಿದೆ ಎಂಬ ಭಾವನೆ ಬರುತ್ತದೆ. 1769ರಲ್ಲಿ ಅಲೆಕ್ಸಾಂಡರ್ ವಿಲ್ಸನ್ ಗಮನಿಸಿದ್ದು ಇದನ್ನೇ.

ಹಂತ 6: ಚಿತ್ರ ಬರೆಯಿರಿ

ಕಾಗದದ ಮೇಲೆ 15 ಸೆಂ.ಮೀ. ಅಗಲದ ವೃತ್ತ ಹಾಕಿ, ನಡುವೆ ಅಡ್ಡ ಗೆರೆ ಎಳೆಯಿರಿ. ಈ ಅಳತೆಯಲ್ಲಿ ನಮ್ಮ ಭೂಮಿ ಬರೀ 1.4 ಮಿ.ಮೀ. ಮೂಲೆಯಲ್ಲಿ ಅಷ್ಟೇ ದೊಡ್ಡ ಚುಕ್ಕೆಯೊಂದನ್ನು ಬರೆದಿಟ್ಟುಕೊಳ್ಳಿ. ಪ್ರತಿ ಕಲೆಯ ಗಾತ್ರ ತಾನಾಗಿ ಅರ್ಥವಾಗುತ್ತದೆ.

ದಿಕ್ಕು ಗುರುತಿಸುವಲ್ಲಿ ಜಾಸ್ತಿ ಜನ ಎಡವುತ್ತಾರೆ. ದೂರದರ್ಶಕ, ಕನ್ನಡಿ, ಕಾಗದ ಎಲ್ಲ ಸೇರಿ ಬಿಂಬ ತಲೆಕೆಳಗೂ ಆಗಬಹುದು, ಎಡಬಲವೂ ಆಗಬಹುದು. ನೆನಪಿಟ್ಟುಕೊಳ್ಳಲು ಹೋಗಬೇಡಿ, ಪ್ರತಿ ಸಲ ಪರೀಕ್ಷಿಸಿ. ದೂರದರ್ಶಕವನ್ನು ಮುಟ್ಟದೆ ಬಿಡಿ, ಮೋಟಾರ್ ಇದ್ದರೆ ನಿಲ್ಲಿಸಿ. ಬಿಂಬ ಯಾವ ಕಡೆ ಜಾರುತ್ತದೋ ಅದೇ ಪಶ್ಚಿಮ. ಒಂದು ಕಲೆ ನಿಮ್ಮ ಅಡ್ಡ ಗೆರೆಯ ಮೇಲೆಯೇ ಜಾರುವಂತೆ ಕಾಗದವನ್ನು ತಿರುಗಿಸಿ ಅಂಟಿಸಿ. ಗೆರೆ ಈಗ ಪೂರ್ವ-ಪಶ್ಚಿಮ. ಆಮೇಲೆ ಕೊಳವೆಯ ಮೂತಿಯನ್ನು ಉತ್ತರಕ್ಕೆ ಕೂದಲೆಳೆಯಷ್ಟು ತಳ್ಳಿ. ಬಿಂಬ ಯಾವ ಕಡೆ ಸರಿಯುತ್ತದೋ ಅದು ದಕ್ಷಿಣ.

ಒಂದು ವಿಷಯ ಗಮನದಲ್ಲಿರಲಿ: ಸೂರ್ಯನ ಅಕ್ಷ ಈ ಗೆರೆಗೆ ನೇರವಾಗಿ ನಿಂತಿರುವುದಿಲ್ಲ. ವರ್ಷದಲ್ಲಿ ಎರಡೂ ಬದಿಗೆ 26 ಡಿಗ್ರಿವರೆಗೆ ವಾಲುತ್ತದೆ. ಜನವರಿ 5 ಮತ್ತು ಜುಲೈ 7ರ ಆಸುಪಾಸಿನಲ್ಲಿ ಮಾತ್ರ ನೆಟ್ಟಗಿರುತ್ತದೆ. ಆಯಾ ದಿನದ ಕೋನ ಖಗೋಳ ಪಂಚಾಂಗಗಳಲ್ಲಿ ಸಿಗುತ್ತದೆ. ಶುರುವಿನಲ್ಲಿ ಇದರ ತಲೆಬಿಸಿ ಬೇಡ, ಪೂರ್ವ-ಪಶ್ಚಿಮ ಗೆರೆ ಸರಿಯಾಗಿದ್ದರೆ ಮುಂದೆ ಯಾವಾಗ ಬೇಕಾದರೂ ತಿದ್ದಿಕೊಳ್ಳಬಹುದು.

ದಿನಾಂಕ, ಗಂಟೆ, ದೂರದರ್ಶಕ, ವರ್ಧನೆ, ಗಾಳಿ ಎಷ್ಟು ನೆಮ್ಮದಿಯಾಗಿತ್ತು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಮರುದಿನದ ಚಿತ್ರ ಪಕ್ಕದಲ್ಲಿಟ್ಟರೆ ಸೂರ್ಯ ತಿರುಗುವುದು ಕಾಣುತ್ತದೆ. ನಡುವಿನ ಕಲೆ ಒಂದೇ ದಿನಕ್ಕೆ ಸುಮಾರು 1.7 ಸೆಂ.ಮೀ. ಪಶ್ಚಿಮಕ್ಕೆ ಹೋಗಿರುತ್ತದೆ. ಅಂಚಿನದ್ದು ಅಷ್ಟೇ ತಿರುಗಿದ್ದರೂ ಕಾಗದದ ಮೇಲೆ 2 ಮಿ.ಮೀ. ಕೂಡ ಸರಿದಿರುವುದಿಲ್ಲ. ಚೆಂಡಿನ ಮೇಲೆ ಚುಕ್ಕೆ ಇಟ್ಟು ತಿರುಗಿಸಿದ ಹಾಗೆಯೇ ಅಲ್ವಾ? ಪೂರ್ವದಲ್ಲಿ ಹುಟ್ಟಿದ ಕಲೆ ಸುಮಾರು ಎರಡು ವಾರದಲ್ಲಿ ಪಶ್ಚಿಮದಲ್ಲಿ ಮರೆಯಾಗುತ್ತದೆ. ಆಯಸ್ಸು ಗಟ್ಟಿ ಇದ್ದರೆ ಇನ್ನೆರಡು ವಾರಕ್ಕೆ ಮತ್ತೆ ಬರುತ್ತದೆ.

ಹಂತ 7: ಎಣಿಸಿ

1848ರಲ್ಲಿ ರುಡಾಲ್ಫ್ ವುಲ್ಫ್ ಮಾಡಿದ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ. ಗುಂಪುಗಳ ಸಂಖ್ಯೆಯನ್ನು 10ರಿಂದ ಗುಣಿಸಿ, ಒಟ್ಟು ಕಲೆಗಳ ಸಂಖ್ಯೆ ಕೂಡಿಸಬೇಕು. ಮೂರು ಗುಂಪು ಇವೆ ಅನ್ನಿ. ಒಂದರಲ್ಲಿ 1, ಇನ್ನೊಂದರಲ್ಲಿ 4, ಮತ್ತೊಂದರಲ್ಲಿ 12 ಕಲೆ. 30ಕ್ಕೆ 17 ಸೇರಿಸಿದರೆ 47. ಒಂಟಿ ಕಲೆಯೂ ಒಂದು ಗುಂಪೇ. ಹಾಗಾಗಿ ಸೊನ್ನೆ ಆದ ಮೇಲಿನ ಮೊದಲ ಸಂಖ್ಯೆ 11. ಒಂದೇ ಪೆನಂಬ್ರಾದೊಳಗೆ ಮೂರು ಅಂಬ್ರಾ ಇದ್ದರೆ ಮೂರು ಎಂದು ಎಣಿಸಿ.

ಕಷ್ಟ ಇರುವುದು ಗುಂಪು ಬೇರ್ಪಡಿಸುವುದರಲ್ಲಿ. ಗುಂಪುಗಳು ಸಾಮಾನ್ಯವಾಗಿ ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಬೆಳೆಯುತ್ತವೆ. ಒಂದರ ಮೇಲೊಂದು, ಉತ್ತರ-ದಕ್ಷಿಣವಾಗಿ ದೂರ ದೂರ ಇರುವ ಕಲೆಗಳು ಬಹುಪಾಲು ಬೇರೆ ಬೇರೆ ಗುಂಪು. ಅನುಮಾನ ಬಂದರೆ ಹಿಂದಿನ ದಿನಗಳ ಚಿತ್ರ ನೋಡಿ, ಅವು ಹುಟ್ಟಿದ್ದು ಒಟ್ಟಿಗೋ ಬೇರೆಯಾಗಿಯೋ ಗೊತ್ತಾಗುತ್ತದೆ.

ನಿಮ್ಮ ಸಂಖ್ಯೆ ಅಧಿಕೃತ ಸಂಖ್ಯೆಗೆ ಹೊಂದದಿದ್ದರೆ ಬೇಜಾರಾಗಬೇಡಿ. ದೊಡ್ಡ ಲೆನ್ಸಿಗೆ ಹೆಚ್ಚು ಕಲೆ ಕಾಣುತ್ತವೆ, ಸಣ್ಣದಕ್ಕೆ ಕಡಿಮೆ. ಲೋಕದ ವೀಕ್ಷಕರ ಲೆಕ್ಕವನ್ನೆಲ್ಲ 1981ರಿಂದ ಬೆಲ್ಜಿಯಂನ ರಾಯಲ್ ವೀಕ್ಷಣಾಲಯ ಒಟ್ಟುಗೂಡಿಸುತ್ತಿದೆ. ಕೆಲವು ತಿಂಗಳ ಅವರ ಮೊತ್ತವನ್ನು ಅದೇ ದಿನಗಳ ನಿಮ್ಮ ಮೊತ್ತದಿಂದ ಭಾಗಿಸಿ. ಬಂದದ್ದು ನಿಮ್ಮ ಸ್ವಂತ ಗುಣಕ. ಅದು ದೊಡ್ಡದಿರಲಿ ಚಿಕ್ಕದಿರಲಿ ಪರವಾಗಿಲ್ಲ, ಪದೇ ಪದೇ ಬದಲಾಗಬಾರದು. ಅದಕ್ಕೇ ಅದೇ ದೂರದರ್ಶಕ, ಅದೇ ವರ್ಧನೆ, ಆದಷ್ಟು ಅದೇ ಹೊತ್ತು ಇರಲಿ. ಇನ್ನೊಂದು: ಚಿತ್ರ ಮುಗಿಯುವ ತನಕ ಅವತ್ತಿನ ಉಪಗ್ರಹ ಚಿತ್ರ ನೋಡಬೇಡಿ. ನೋಡಿದರೆ ಕಣ್ಣು ಇಲ್ಲದ ಕಲೆಯನ್ನೂ ಕಾಣತೊಡಗುತ್ತದೆ. ಮುಗಿದ ಮೇಲೆ ಧಾರಾಳವಾಗಿ ಹೋಲಿಸಿ, ಆದರೆ ಬರೆದದ್ದನ್ನು ತಿದ್ದಬೇಡಿ.

ಹಂತ 8: ತಿಂಗಳ ಲೆಕ್ಕ

ಮೋಡ ಇದ್ದ ದಿನ ಸೊನ್ನೆ ಬರೆಯಬೇಡಿ! ಇಡೀ ಕೆಲಸ ಕೆಡಿಸುವ ತಪ್ಪು ಇದು. ಸೂರ್ಯನನ್ನು ನೋಡಿ, ಕಲೆ ಇಲ್ಲ ಎಂದು ಖಾತ್ರಿಯಾದರೆ ಸೊನ್ನೆ. ನೋಡಲಾಗದಿದ್ದರೆ ಆ ಜಾಗ ಖಾಲಿ. ತಿಂಗಳ ಕೊನೆಗೆ ಮೊತ್ತವನ್ನು ನೋಡಿದ ದಿನಗಳಿಂದ ಮಾತ್ರ ಭಾಗಿಸಿ, 30ರಿಂದ ಅಲ್ಲ. ಕಲೆಯಿಲ್ಲದ ದಿನ ಬೇಸರ ಎಂದು ಬರೆಯುವುದನ್ನು ಬಿಡುವವರಿದ್ದಾರೆ. ಆ ಸೊನ್ನೆಗಳಿಂದಲೇ ಚಕ್ರದ ತಳ ಎಲ್ಲಿದೆ ಎಂದು ತಿಳಿಯುವುದು. 1645ರಿಂದ 1715ರವರೆಗೆ ಕಲೆಗಳು ತೀರ ಅಪರೂಪವಾಗಿದ್ದವು ಎಂದು ಇವತ್ತು ಧೈರ್ಯವಾಗಿ ಹೇಳಲು ಸಾಧ್ಯವಾಗಿದ್ದು, ಆಗಲೂ ಕೆಲವರು ಬಿಡದೆ ನೋಡಿ ಬರೆದಿಟ್ಟಿದ್ದರಿಂದ.

ಹಂತ 9: ಕಲೆಯಿಂದಾಚೆಯ ಚಟುವಟಿಕೆ

ಕಲೆಗುಂಪಿನ ಮೇಲೆ ತಿರುಚಿಕೊಂಡ ಕಾಂತಕ್ಷೇತ್ರ ಒಮ್ಮೆಲೇ ಬಿಚ್ಚಿಕೊಂಡಾಗ ಸೌರಜ್ವಾಲೆ ಏಳುತ್ತದೆ. ಅದರ ಬಲವನ್ನು ಎ, ಬಿ, ಸಿ, ಎಂ, ಎಕ್ಸ್ ಎಂಬ ದರ್ಜೆಗಳಲ್ಲಿ ಹೇಳುತ್ತಾರೆ, ಒಂದೊಂದು ದರ್ಜೆ ಹಿಂದಿನದಕ್ಕಿಂತ 10 ಪಟ್ಟು. ಬೆಳಕು 8 ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬರುತ್ತದೆ. ಕೆಲವು ಜ್ವಾಲೆಗಳ ಜತೆ ಚಿಮ್ಮುವ ಅನಿಲದ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮೇಲೆ ಹೇಳಿದ 3664 ಗುಂಪಿನಿಂದ ಬಂದ ಮೋಡಗಳೇ 2024ರ ಮೇ 10ರಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿ ಜಿ5, ಅಂದರೆ ಅತಿ ತೀವ್ರ ಮಟ್ಟದ ಕಾಂತ ಬಿರುಗಾಳಿ ಎಬ್ಬಿಸಿದವು. ಆ ಮಟ್ಟದ್ದು 2003ರ ಅಕ್ಟೋಬರ್ ಆದ ಮೇಲೆ ಬಂದಿರಲೇ ಇಲ್ಲ.

ಮಾಮೂಲಿ ಬಿಳಿ ಬೆಳಕಿನಲ್ಲಿ ಜ್ವಾಲೆ ಕಾಣುವುದು ತೀರ ಅಪರೂಪ. 1859ರ ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ನಾವು ಈಗ ಹೇಳಿದ ಹಾಗೆಯೇ ಬಿಂಬ ಬೀಳಿಸಿ ಕಲೆಗಳ ಚಿತ್ರ ಬರೆಯುತ್ತಿದ್ದರು. ದೊಡ್ಡ ಗುಂಪೊಂದರ ಮೇಲೆ ಎರಡು ಬಿಳಿ ಬೆಳಕಿನ ತುಣುಕು ಹೊಳೆದು, ಸುಮಾರು ಐದು ನಿಮಿಷದಲ್ಲಿ ಆರಿಹೋದವು. ನಿಮಗೆ ಅಂಥದ್ದೇನಾದರೂ ಕಂಡರೆ ಬೇರೆ ಏನೂ ಮಾಡುವ ಮೊದಲು ಗಡಿಯಾರ ನೋಡಿ, ನಿಮಿಷ ಸಹಿತ ಸಮಯ ಬರೆದುಕೊಳ್ಳಿ.

ಈಗಿನದು 25ನೇ ಸೌರಚಕ್ರ. ಅದು 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಸೂರ್ಯ ಗರಿಷ್ಠ ಹಂತ ತಲುಪಿದ್ದಾನೆ ಎಂದು 2024ರ ಅಕ್ಟೋಬರ್‌ನಲ್ಲಿ ನಾಸಾ ಪ್ರಕಟಿಸಿತು. ಗರಿಷ್ಠ ದಾಟಿದ ಮೇಲೂ ದೊಡ್ಡ ಗುಂಪುಗಳು ಬರುತ್ತಲೇ ಇರುತ್ತವೆ, ನಡುವಿನ ಖಾಲಿ ದಿನಗಳು ಮಾತ್ರ ನಿಧಾನವಾಗಿ ಜಾಸ್ತಿಯಾಗುತ್ತವೆ. ಕಲೆಗಳೂ ವರ್ಷದಿಂದ ವರ್ಷಕ್ಕೆ ಸೂರ್ಯನ ಸಮಭಾಜಕದ ಹತ್ತಿರ ಹತ್ತಿರ ಬರುತ್ತವೆ. ಹೊಸ ಚಕ್ರದ ಕಲೆಗಳು ಹಾಗಲ್ಲ, 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಮೊದಲು ತಲೆ ಎತ್ತುತ್ತವೆ. ಹಳೆಯವು ನಡುಗೆರೆಯ ಬಳಿ ಇರುವಾಗಲೇ ದೂರದಲ್ಲಿ ಒಂದು ಪುಟ್ಟ ಚುಕ್ಕೆ ಬರುತ್ತದೆ. ಒಂದೆರಡು ದಿನ ಇದ್ದು ಹೋಗಲೂಬಹುದು. ನಿಮ್ಮ 15 ಸೆಂ.ಮೀ. ವೃತ್ತದಲ್ಲಿ ಅದು ಸಮಭಾಜಕದಿಂದ ಸುಮಾರು 4 ಸೆಂ.ಮೀ. ಆಚೆ ಬಿದ್ದಿರುತ್ತದೆ. ಅಂಥದ್ದು ಕಂಡ ದಿನ ದಿನಾಂಕದ ಕೆಳಗೆ ಕೆಂಪು ಗೆರೆ ಎಳೆದಿಡಿ.